ಎರಡನೆಯ ಒಲೆ

ವೆಂಕಟಲಕ್ಷ್ಮಿ ಆ ಮಾತನ್ನು ಹೇಳಲು ಭಾನುವಾರದ ಮಧ್ಯಾಹ್ನವನ್ನು ಆರಿಸಿಕೊಂಡಳು. ಮನೆಯವರೆಲ್ಲರೂ ಹಗಲಿನ ಊಟಕ್ಕೆ ಒಟ್ಟಿಗೆ ಕೂರುತ್ತಿದ್ದುದು ವಾರದಲ್ಲಿ ಆ ಒಂದೇ ದಿನ. ಹುರುಳಿಕಾಳಿನ ಬಸ್ಸಾರು, ಮುದ್ದೆ. ಮಾವ ಹನುಮಂತರಾಯಪ್ಪ ಎರಡನೆಯ ಮುದ್ದೆ ಮುರಿಯುತ್ತಿದ್ದ.

"ಜನವರಿಯಿಂದ ಒಂದು ವರ್ಷ ನಾನು ಜಾಂಬಿಯಾಕ್ಕೆ ಹೋಗಬೇಕು ಅಂತಿದ್ದೀನಿ," ಎಂದಳು. "ಅಲ್ಲೊಂದು ಹುಡುಗೀರ ಶಾಲೆ ಇದೆ. ಲೆಕ್ಕ ಹೇಳಿಕೊಡೋಕೆ ಟೀಚರ್ ಇಲ್ವಂತೆ."

"ಅದೆಲ್ಲೈತೆ?"

"ಆಫ್ರಿಕಾದಲ್ಲಿ, ಮಾವ."

"ಸಂಬ್ಳ ಏಟು?"

"ಸಂಬಳ ಇಲ್ಲ. ಇರೋಕೆ ಮನೆ ಕೊಡ್ತಾರೆ, ಊಟ ಕೊಡ್ತಾರೆ. ಹೋಗಿ ಬರೋ ಖರ್ಚೂ ಅವರದ್ದೇ."

ಹನುಮಂತರಾಯಪ್ಪ ಮುರಿದ ತುತ್ತನ್ನು ಸಾರಿನಲ್ಲಿ ಅದ್ದಿದವನು ಹಾಗೆಯೇ ಬಿಟ್ಟ. ಪೀಣ್ಯದ ಹಳೆಯ ಊರಿನಲ್ಲಿ ಸಮುದ್ರ ದಾಟಿದವರು ಯಾರೂ ಇರಲಿಲ್ಲ. ದಾಟುವವರ ಕತೆ ಮಾತ್ರ ಎಲ್ಲರಿಗೂ ಗೊತ್ತಿತ್ತು: ದಾಟುವುದು ದುಡಿಯುವುದಕ್ಕೆ. ದುಡಿಮೆಯಿಲ್ಲದೆ ದಾಟುವುದು ಯಾವ ಕತೆಯಲ್ಲೂ ಇರಲಿಲ್ಲ.

"ಇಲ್ಲೇನು ಮಕ್ಕಳಿಗೆ ಬರ ಬಂದೈತಾ ಪಾಠ ಏಳಾಕೆ?" ಎಂದಳು ಅತ್ತೆ ಬೈರಮ್ಮ. "ನಿನ್ನ ಮಗಳೇ ಲೆಕ್ಕದಾಗೆ ನಲವತ್ತು ತಕ್ಕಂಡವ್ಳೆ. ಅದನ್ನ ನೋಡ್ಕ ಮೊದ್ಲು, ಮೇಷ್ಟ್ರಮ್ಮ."

"ನಲವತ್ತೆರಡು, ಅಜ್ಜಿ," ಎಂದಳು ಹದಿಮೂರು ವರ್ಷದ ಸೀತಾಲಕ್ಷ್ಮಿ.

ಗಂಡ ಶ್ಯಾಮಣ್ಣ ತಲೆಯೆತ್ತಲಿಲ್ಲ. ಅವನು ತುಮಕೂರು ರಸ್ತೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಗ್ರೈಂಡಿಂಗ್ ವಿಭಾಗದವನು. ಮನೆಯಲ್ಲಿ ಮಾತು ಕಡಿಮೆ. ಸಾರು ಸುರಿದುಕೊಂಡು ಕೈ ತೊಳೆದವನು ಬಾಗಿಲಿನಲ್ಲಿ ನಿಂತು ಹೇಳಿದ:

"ಪಾಸ್‌ಪೋರ್ಟ್ ಬರ್ಲಿ, ನೋಡಾಣ."

ಅದು ಬರುವುದಿಲ್ಲ ಎಂಬ ನಂಬಿಕೆ ಆ ಧ್ವನಿಯಲ್ಲಿತ್ತು. ವೆಂಕಟಲಕ್ಷ್ಮಿ ಅದನ್ನು ಒಪ್ಪಿಗೆಯೆಂದೇ ಇಟ್ಟುಕೊಂಡಳು.

ಅದು ಎಪ್ಪತ್ತೊಂಬತ್ತರ ಜೂನ್ ತಿಂಗಳು. ಹಿತ್ತಿಲ ಗೋಡೆಯ ಆಚೆ, ಹಿಂದೆ ಇವರದೇ ರಾಗಿ ಹೊಲವಾಗಿದ್ದ ಜಾಗದಲ್ಲಿ, ಪವರ್ ಪ್ರೆಸ್ಸುಗಳು ಹಗಲೆಲ್ಲ ತಗಡು ಕುಟ್ಟುತ್ತಿದ್ದವು. ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋದಾಗ ಊರಿನಲ್ಲಿ ಒಂದು ಮಾತು ಹಬ್ಬಿತ್ತು: ಜಮೀನು ಬಿಟ್ಟವರಿಗೆ ಒಲೆಗೊಂದು ಸೈಟು ಕೊಡುತ್ತಾರಂತೆ. ಹೇಳಿದವರು ಯಾರೆಂದು ಯಾರಿಗೂ ತಿಳಿಯದು. ಆದರೆ ವಾರದೊಳಗೆ ಊರಿನ ಅರ್ಧ ಮನೆಗಳಲ್ಲಿ ಎರಡನೆಯ ಒಲೆ ಎದ್ದಿತು.

ಹನುಮಂತರಾಯಪ್ಪನ ಮನೆಯ ಎರಡನೆಯ ಒಲೆ ಹಿತ್ತಿಲ ಕೋಣೆಯಲ್ಲಿತ್ತು. ಅದನ್ನು ಬೈರಮ್ಮನೇ ಹುತ್ತದ ಮಣ್ಣು ತಂದು ಕಟ್ಟಿದ್ದಳು. ಆ ಕೋಣೆ ಮಗ ಸೊಸೆಯ ಬೇರೆ ಮನೆ ಎಂಬುದು ಲೆಕ್ಕ. ಕೈಚೀಲ ಹಿಡಿದ ಅಪರಿಚಿತ ಗಂಡಸು ಓಣಿಗೆ ತಿರುಗಿದನೆಂದರೆ ಬೈರಮ್ಮ ಹಿತ್ತಿಲಿಗೆ ಓಡಿ, ಆ ಒಲೆಗೆ ಎರಡು ಪುಳ್ಳೆ ತುರುಕಿ, ಹೊಗೆ ಎಬ್ಬಿಸಿ, ಮೇಲೊಂದು ಮಡಕೆ ಇಟ್ಟು ಬರುತ್ತಿದ್ದಳು. ಕೇಳಿದರೆ ಹೇಳಬೇಕಾದ ಮಾತು ಸೀತಾಳಿಗೂ ಬಾಯಿಪಾಠವಾಗಿತ್ತು: ಅವರು ಬೇರೆ, ನಾವು ಬೇರೆ. ವರ್ಷಗಳು ಕಳೆದರೂ ಸೈಟಿನವನು ಬರಲಿಲ್ಲ. ಬಂದವರು ಜನಗಣತಿಯವರು, ಸಿಡುಬಿನ ಚುಚ್ಚುಮದ್ದಿನವರು, ಹೊಲಿಗೆ ಯಂತ್ರದ ಕಂತು ಕೇಳುವವರು. ಅವರೆಲ್ಲರೂ ಹೊಗೆ ನೋಡಿ ಹೋದರು. ಉಳಿದ ದಿನಗಳಲ್ಲಿ ಆ ಒಲೆಯೊಳಗೆ ಕೆಂಪು ಹೇಟೆಯೊಂದು ಕಾವು ಕೂರುತ್ತಿತ್ತು.

ಜುಲೈ ತಿಂಗಳೆಲ್ಲ ಜಗಳದಲ್ಲಿ ಕಳೆಯಿತು. ದೊಡ್ಡ ಜಗಳವಲ್ಲ, ಅನ್ನ ಬಡಿಸುವಾಗ ಒಂದು, ಬಟ್ಟೆ ಒಣಹಾಕುವಾಗ ಒಂದು. ಶ್ಯಾಮಣ್ಣ ಟಿಫಿನ್ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉಣ್ಣತೊಡಗಿದ. ಡಬ್ಬಿಯ ಚಿತ್ರಾನ್ನ ಸಂಜೆ ಹಸುವಿನ ಕಲಗಚ್ಚಿಗೆ ಹೋಗುತ್ತಿತ್ತು.

"ನಿಮಗೆ ಬೇಡ ಅಂದ್ರೆ ಬೆಳಿಗ್ಗೇನೇ ಹೇಳ್ರೀ. ಐದು ಗಂಟೆಗೆ ಎದ್ದು ಕಟ್ಟೋಳು ನಾನು."

"ಜನವರಿ ಮೇಲೆ ಯಾರು ಕಟ್ತಾರೆ? ಈಗ್ಲಿಂದ್ಲೇ ಅಭ್ಯಾಸ ಮಾಡ್ಕೊತಾ ಇದೀನಿ."

"ನೀವೇ ಕಟ್ಕೊಳ್ಳಿ. ಕೈಯಿಲ್ವಾ?"

"ಕ್ಯಾಂಟೀನಲ್ಲಿ ಏನಂತಾರೆ ಗೊತ್ತಾ? ಹೆಂಡ್ತಿ ಫಾರಿನ್ನು, ಗಂಡ ಪೀಣ್ಯ ಅಂತಾರೆ. ಬರೋವಾಗ ಒಂದು ಟೇಪ್ ರೆಕಾರ್ಡರ್ ತರ್ಸು ಗುರು ಅಂತಾರೆ. ಸಂಬ್ಳಾನೇ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ನಿಜ ಹೇಳಿ."

"ನಿಜ ಹೇಳಿದ್ರೆ ಇನ್ನೂ ನಗ್ತಾರೆ." ಶ್ಯಾಮಣ್ಣ ಅಂಗಿಯ ಗುಂಡಿ ಹಾಕಿಕೊಂಡ. "ಪಾಸ್‌ಪೋರ್ಟಿಗೆ ಪೊಲೀಸರು ಬಂದು ವಿಚಾರಿಸ್ತಾರಂತೆ. ಒಂದು ಮಾತು, ಒಂದೇ ಒಂದು ಮಾತು ನಾನು ಹೇಳಿದ್ರೆ ಎಲ್ಲಾ ಮುಗೀತು. ತಿಳ್ಕೊ."

ಆ ಮಾತನ್ನು ಸೀತಾ ಕೇಳಿಸಿಕೊಂಡಳು, ಬೈರಮ್ಮ ಕೇಳಿಸಿಕೊಂಡಳು. ವೆಂಕಟಲಕ್ಷ್ಮಿಯಂತೂ ಮರೆಯಲಿಲ್ಲ.

ಆಗಸ್ಟಿನಲ್ಲಿ ಮರಿಯಮ್ಮ ಟೀಚರ್ ಬಂದರು. ಆನೇಕಲ್ಲಿನ ಶಾಲೆಯಲ್ಲಿ ವೆಂಕಟಲಕ್ಷ್ಮಿಗೆ ಲೆಕ್ಕ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಜಾಂಬಿಯಾದ ಆ ಶಾಲೆಗೆ ಹೋಗಿ ಎರಡು ವರ್ಷ ಇದ್ದು, ಈಗ ಕಣ್ಣಿನ ಚಿಕಿತ್ಸೆಗಾಗಿ ಊರಿಗೆ ಬಂದಿದ್ದರು. ನವೆಂಬರಿನ ಕೊನೆಯೊಳಗೆ ಶಾಲೆಗೆ ಒಂದು ಹೆಸರು ತಿಳಿಸಬೇಕು. ಪಾಸ್‌ಪೋರ್ಟ್ ಕೈಯಲ್ಲಿದ್ದವರ ಹೆಸರೇ ಆಗಬೇಕು.

"ಹೋದ ವರ್ಷ ಸರ್ಕಾರಿ ಪರೀಕ್ಷೆ ನಡೀತು," ಎಂದರು ಅವರು, ಮಣೆಯ ಮೇಲೆ ಕುಳಿತು. "ಲೆಕ್ಕದ ದಿನ ನಮ್ಮ ಶಾಲೆಯಿಂದ ಒಬ್ಬ ಹುಡುಗೀನೂ ಕೂರಲಿಲ್ಲ. ನನಗೆ ಕಣ್ಣು ಮಂಜಾಗಿತ್ತು, ಹಲಗೆ ಕಾಣ್ತಿರಲಿಲ್ಲ. ಹುಡುಗೀರು ಬಟ್ಟೆ ಒಗೆದು ಹಾಕ್ಕೊಂಡು ಶಾಲೆ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ರು."

ಹನುಮಂತರಾಯಪ್ಪ ಕೆಮ್ಮಿದ. ಬೈರಮ್ಮ ಸೌಟಿನಿಂದ ಸಾರು ಬಡಿಸುತ್ತಾ, ತನಗೆ ಬಹಳ ದಿನದಿಂದ ಬೇಕಾಗಿದ್ದ ಪ್ರಶ್ನೆ ಕೇಳಿದಳು.

"ಅಲ್ಲಿ ಜನ ಏನು ತಿಂತಾರವ್ವಾ?"

"ಮುದ್ದೆ."

ಸೌಟು ನಿಂತಿತು.

"ರಾಗೀದಲ್ಲ. ಬಿಳಿ ಮುಸುಕಿನ ಜೋಳದ ಹಿಟ್ಟಿನದು. ಹೀಗೇ ಕೋಲಲ್ಲಿ ತೊಳಸ್ತಾರೆ, ಕೈಯಲ್ಲೇ ಮುರೀತಾರೆ. ಕುಂಬಳದ ಸೊಪ್ಪಿಗೆ ಕಡ್ಲೆಕಾಯಿ ಪುಡಿ ಹಾಕಿ ಪಲ್ಯ ಮಾಡ್ತಾರೆ, ಅದರ ಜೊತೆ."

"ನುಂಗ್ತಾರಾ, ಅಗೀತಾರಾ?"

"ಅಗೀತಾರೆ."

"ಅಂಗಾದ್ರೆ ಮುದ್ದೆ ತಿನ್ನಾಕೆ ಬರಾಕಿಲ್ಲ ಅವ್ರಿಗೆ." ಬೈರಮ್ಮ ಟೀಚರಿನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. "ಯಾರಾದ್ರೂ ಓಗಿ ಯೋಳ್ಕೊಡಬೇಕು."

ಅಂದಿನಿಂದ ಅವಳ ಕೊಂಕು ನಿಂತಿತೆಂದಲ್ಲ. ಆದರೆ ಅದು ಬೇರೆ ದಾರಿ ಹಿಡಿಯಿತು. ಒಂದು ವರ್ಷ ಸೀತಾಳ ಜಡೆ ಯಾರು ಹಾಕುತ್ತಾರೆ, ಆ ಊರಿನಲ್ಲಿ ಸೀರೆಗೆ ಗಂಜಿ ಹಾಕುತ್ತಾರೆಯೇ ಎಂಬಂತಹ ಮಾತುಗಳು ಬಂದವು. ವೆಂಕಟಲಕ್ಷ್ಮಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು. ಅವಳು ಪಾಠ ಹೇಳುತ್ತಿದ್ದ ಇಲ್ಲಿನ ಶಾಲೆಯ ಆಡಳಿತದವರು ಸಂಬಳವಿಲ್ಲದ ರಜೆಗೆ ಒಪ್ಪಿದರು. ಸೆಪ್ಟೆಂಬರ್ ಮುಗಿಯಿತು, ಆಯುಧಪೂಜೆ ಕಳೆಯಿತು. ಪಾಸ್‌ಪೋರ್ಟ್ ಬರಲಿಲ್ಲ.

ಅಕ್ಟೋಬರಿನ ಒಂದು ಸಂಜೆ ಅವಳು ಶಾಲೆ ಬಿಟ್ಟು ನೇರವಾಗಿ ಪೊಲೀಸ್ ಠಾಣೆಗೆ ಹೋದಳು. ಅಲ್ಲಿನ ರೈಟರ್ ಕಡತ ತೆಗೆದು ನೋಡಿದ.

"ವರದಿ ಆಗ್ಲೇ ಹೋಗಿದೆಯಲ್ಲ ಮೇಡಂ. ಅರ್ಜಿದಾರರು ಆ ಮನೇಲಿ ವಾಸವಿಲ್ಲ."

"ನಾನೇ ಅರ್ಜಿದಾರಳು. ಹದಿನಾಲ್ಕು ವರ್ಷದಿಂದ ಅದೇ ಮನೇಲಿದ್ದೀನಿ."

"ಮನೆಯವರೇ ಹೇಳಿದಾರೆ, ಈ ಮನೇಲಿ ಇಲ್ಲ ಅಂತ. ನಮ್ಮೋರೇನು ಕನಸು ಕಂಡು ಬರೀತಾರಾ?"

"ಯಾರು ಹೇಳಿದ್ದು?"

"ಅದು ನಿಮ್ಮ ಮನೆ ವಿಷಯ. ಹೇಳಿದೋರೇ ಬಂದು, ತಪ್ಪಾಯ್ತು ಅಂತ ಬರೆಸಿಕೊಟ್ರೆ ಇನ್ನೊಂದು ಸಲ ಕಳಿಸ್ತೀವಿ."

ಅವಳು ಮನೆಗೆ ಬಂದು ಕೈಕಾಲು ತೊಳೆದು, ಮುದ್ದೆ ತೊಳಸಿ, ಎಲ್ಲರಿಗೂ ಬಡಿಸಿದಳು. ತಾನು ಕೂರಲಿಲ್ಲ.

"ವೆಂಕಟಲಕ್ಷ್ಮಿ ಈ ಮನೇಲಿಲ್ಲ ಅಂತ ಪೊಲೀಸ್ನೋರಿಗೆ ಹೇಳಿದ್ದು ಯಾರು?"

ಹನುಮಂತರಾಯಪ್ಪ ಹೆಂಡತಿಯ ಮುಖ ನೋಡಿದ. ಬೈರಮ್ಮ ಮಗನ ಮುಖ ನೋಡಿದಳು.

"ಪೊಲೀಸ್ನೋರು ಬಂದಿದ್ದೇ ಇಲ್ಲವಲ್ಲ," ಎಂದಳು ಬೈರಮ್ಮ.

"ನಾನಲ್ಲ," ಎಂದ ಶ್ಯಾಮಣ್ಣ.

"ಒಂದು ಮಾತು ಸಾಕು ಅಂದಿದ್ರಿ."

"ಅಂದಿದ್ದೆ. ಆಡಿಲ್ಲ."

"ಮತ್ತೆ ಗೋಡೆ ಹೇಳ್ತಾ?"

"ನಾನಲ್ಲ ಅಂದ್ನಲ್ಲ." ಅವನು ಅರ್ಧ ಮುದ್ದೆಗೆ ಎದ್ದ. ವೆಂಕಟಲಕ್ಷ್ಮಿ ಆ ತಟ್ಟೆಯನ್ನು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಹಿತ್ತಿಲ ಕೋಣೆಯ ಒಲೆಯಿಂದ ಹೇಟೆಯನ್ನು ಎತ್ತಿ ಹೊರಗೆ ಬಿಟ್ಟಳು. ಮೊಟ್ಟೆಗಳನ್ನು ಬುಟ್ಟಿಯೊಂದಕ್ಕೆ ಹುಲ್ಲು ಹಾಸಿ ಇಟ್ಟಳು. ಬೂದಿ ತೆಗೆದು, ಒಲೆಗೆ ಸಗಣಿ ಸಾರಿಸಿ, ಒಂದು ಪಾತ್ರೆಯಲ್ಲಿ ತನಗಷ್ಟೇ ಅನ್ನ ಇಟ್ಟಳು.

"ಇದೇನವ್ವಾ ಇದು?" ಬೈರಮ್ಮ ಬಾಗಿಲಿಗೆ ಬಂದಳು.

"ಈ ಮನೇಲಿ ಇಲ್ಲ ಅಂದ್ರಲ್ಲ ಅತ್ತೆ. ಇಲ್ಲದೋಳು ನಿಮ್ಮ ಒಲೆ ಮುಂದೆ ಕೂತ್ರೆ ಚೆನ್ನಾಗಿರಲ್ಲ."

ಹೀಗೆ, ಯಾವ ಅಧಿಕಾರಿಯೂ ಬಾರದೆ ಆ ಒಲೆ ದಿನವೂ ಉರಿಯತೊಡಗಿತು. ವೆಂಕಟಲಕ್ಷ್ಮಿ ಮಿಕ್ಕ ಕೆಲಸವೆಲ್ಲ ಮಾಡುತ್ತಿದ್ದಳು: ಕಸ ಗುಡಿಸುತ್ತಿದ್ದಳು, ಹಸುವಿಗೆ ಕಲಗಚ್ಚು ಇಡುತ್ತಿದ್ದಳು, ಮಾವನಿಗೆ ಬಿಸಿನೀರು ತೋಡಿಕೊಡುತ್ತಿದ್ದಳು. ಉಣ್ಣುವುದು ಮಾತ್ರ ಬೇರೆ. ಸೀತಾ ಎರಡೂ ಕಡೆ ತಿಂದು ದಪ್ಪವಾದಳು. ಶ್ಯಾಮಣ್ಣ ತಾಯಿಯ ಒಲೆಯ ಮುಂದೆ ಕುಳಿತು, ಹಿತ್ತಿಲಿನಿಂದ ಬರುವ ಒಗ್ಗರಣೆಯ ವಾಸನೆಗೆ ಮೂಗು ಸೇದುತ್ತಿದ್ದ.

"ಒಂದು ರೀತೀಲಿ ಒಳ್ಳೇದೇ ಆಯ್ತು," ಎಂದ ಹನುಮಂತರಾಯಪ್ಪ ಹೆಂಡತಿಗೆ. "ಈಗ ಸೈಟ್ನೋನು ಬಂದ್ರೆ ಸುಳ್ಳೇಳೋದೇ ಬ್ಯಾಡ."

ಬೈರಮ್ಮ ನಗಲಿಲ್ಲ. ಪಕ್ಕದ ಮನೆಯ ಅಶ್ವತ್ಥಮ್ಮ ಆಗಲೇ ಬೇಲಿಯ ಮೇಲಿಂದ, "ಸೊಸೆ ಬ್ಯಾರೆ ಆದ್ಲಂತೆ?" ಎಂದು ಕೇಳಿದ್ದಳು. ಅಧಿಕಾರಿಗಳಿಗೆ ಎಷ್ಟು ಸಲ ಹೇಳಿದರೂ ನೋಯದಿದ್ದ ಮಾತು ಅಶ್ವತ್ಥಮ್ಮನ ಬಾಯಲ್ಲಿ ನೋಯಿತು.

ನವೆಂಬರಿನ ಮೊದಲ ವಾರ ಬೈರಮ್ಮ ಮೊಮ್ಮಗಳೊಂದಿಗೆ ರಾಗಿ ಬೀಸಿಸಲು ಹಿಟ್ಟಿನ ಗಿರಣಿಗೆ ಹೋದಳು. ಗಿರಣಿಯವನು ತಂದಿಟ್ಟಿದ್ದ ಯಂತ್ರದ ಹೊಸ ಬೆಲ್ಟನ್ನು ಯಾರೋ ಕದ್ದಿದ್ದರು. ಖಾಕಿ ತೊಟ್ಟ ಪೇದೆಯೊಬ್ಬ ಸೈಕಲ್ಲಿಗೆ ಒರಗಿ ನಿಂತು ವಿಚಾರಿಸುತ್ತಿದ್ದ. ಬೈರಮ್ಮ ಅವನನ್ನು ನೋಡಿ ಸೆರಗು ಸರಿಪಡಿಸಿಕೊಂಡಳು.

"ಸೀತಾ, ಇವ್ನು ಸೈಟ್ನೋನಲ್ವೇನೇ? ದಸರಾಕೆ ಮುಂಚೆ ನಮ್ಮನೇಗೆ ಬಂದಿದ್ದ. ಅವತ್ತು ಬಿಳೀ ಷರಟು ಇಕ್ಕಂಡಿದ್ದ. ಕೈಚೀಲ ಇತ್ತು."

"ಅಜ್ಜಿ, ಅದು ಪೊಲೀಸು."

"ನಿಮ್ಮವ್ವನ ಎಸ್ರು ಕೇಳಿದ ಕಣೆ. ಎಂಕ್ಟಲಕ್ಷ್ಮಿ ಕೋಂ ಶ್ಯಾಮಣ್ಣ, ಈ ಮನೇಲಿರೋದಾ ಅಂದ. ಈ ಮನೇಲಿಲ್ಲ ಸ್ವಾಮಿ, ಅವ್ರು ಬ್ಯಾರೆ ಮನೆ, ಬ್ಯಾರೆ ಒಲೆ ಅಂದೆ. ಹಿಂದಕ್ಕೆ ಕರ್ಕಂಡೋಗಿ ತೋರ್ಸಾನ ಅಂದ್ರೆ ನಿಲ್ಲಲೇ ಇಲ್ಲ, ಬರ್ಕಂಡು ಓಗ್ಬಿಟ್ಟ."

ಸೀತಾ ಅಜ್ಜಿಯ ಮುಖವನ್ನೇ ನೋಡಿದಳು. ಹಿಟ್ಟು ಬಿಸಿಯಾಗಿ ಚೀಲಕ್ಕೆ ಬೀಳುತ್ತಿತ್ತು.

"ನಿಮ್ಮವ್ವನಿಗೆ ಯೋಳಬ್ಯಾಡ," ಎಂದಳು ಬೈರಮ್ಮ ಕೊನೆಗೆ. "ನಾನೇ ಯೋಳ್ತೀನಿ."

ಅಂದು ಸಂಜೆ ಅವಳು ಮೊದಲು ಹೇಳಿದ್ದು ಗಂಡನಿಗೆ. ಹನುಮಂತರಾಯಪ್ಪ ಹಸುವಿನ ಮೈ ತಿಕ್ಕುತ್ತಿದ್ದ ಕೈ ನಿಲ್ಲಿಸದೆ ಕೇಳಿದ.

"ಸುಮ್ನಿರು," ಎಂದ. "ಈಗ ಓಗಿ ಒಂದೇ ಮನೆ, ಒಂದೇ ಅಡುಗೆ ಅಂತ ಸರ್ಕಾರದೋರ ಮುಂದೆ ಎಬ್ಬೆಟ್ಟು ಒತ್ತಿದ್ರೆ, ಸೈಟು ಓದಂಗೇಯ. ಹೊಲ ಓಯ್ತು. ಮಗನಿಗೆ ಅಂತ ಒಂದು ಚೂರು ನೆಲ ಬ್ಯಾಡ್ವಾ?"

"ಮಗ ತಾನೇ ಯೋಳ್ದ ಅಂತ ಅವ್ಳು ಅಂದ್ಕಂಡವ್ಳೆ. ಗಂಡ ಎಂಡ್ತಿ ಮಾತಾಡಿ ತಿಂಗಳಾಯ್ತು."

"ಈ ವರ್ಷ ತಪ್ಪಿದ್ರೆ ಮುಂದಿನ ವರ್ಷ ಓಗ್ತಾಳೆ. ಆ ದೇಶ ಎಲ್ಲಿಗೂ ಓಡೋಗಾಕಿಲ್ಲ. ಸೈಟು ಅಂಗಲ್ಲ. ನೀನು ಬಾಯಿ ಬಿಟ್ರೆ ನನ್ನಾಣೆ ಐತೆ."

ಆಣೆಯ ಮಾತು ಬಂದ ಮೇಲೆ ಬೈರಮ್ಮ ಬಾಯಿ ಬಿಡಲಿಲ್ಲ. ಎರಡು ದಿನ ಮುದ್ದೆ ಗಂಟಾಯಿತು. ಮೂರನೆಯ ದಿನ ಮರಿಯಮ್ಮ ಟೀಚರ್ ಬಂದು, ಬೇರೆ ಹೆಸರು ಹುಡುಕಲೇ ಎಂದು ಓಣಿಯಲ್ಲೇ ನಿಂತು ವೆಂಕಟಲಕ್ಷ್ಮಿಯನ್ನು ಕೇಳಿ ಹೋದರು. ವೆಂಕಟಲಕ್ಷ್ಮಿ, "ಈ ತಿಂಗಳು ಮುಗಿಯೋವರೆಗೆ ನೋಡಿ ಟೀಚರ್," ಎಂದದ್ದು ಒಳಗಿದ್ದ ಬೈರಮ್ಮನಿಗೆ ಕೇಳಿಸಿತು.

ಮರುದಿನ ಸೀತಾ ಶಾಲೆಗೆ ಹೊರಟಾಗ ಅಜ್ಜಿಯೂ ಸೆರಗು ಹೊದ್ದು ಜೊತೆಗೆ ಹೊರಟಳು. ಇಬ್ಬರೂ ಶಾಲೆಯ ಮುಂದೆ ನಿಲ್ಲದೆ ಮುಂದಕ್ಕೆ ಹೋದರು. ಠಾಣೆಯಲ್ಲಿ ಮಾತಾಡಿದ್ದು ಯಾರು, ಬರೆಸಿದ್ದು ಏನು ಎಂಬುದು ಮನೆಯಲ್ಲಿ ಉಳಿದವರಿಗೆ ತಿಳಿಯಲಿಲ್ಲ. ಬೈರಮ್ಮನ ಎಡಗೈ ಹೆಬ್ಬೆರಳಿನಲ್ಲಿ ನೇರಳೆ ಮಸಿ ಇತ್ತು. ಅವಳು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು, ಹೋಗಲಿಲ್ಲ.

ಪೇದೆ ಬಂದದ್ದು ಮುಂದಿನ ಭಾನುವಾರ, ಊಟದ ಹೊತ್ತಿಗೆ ಸರಿಯಾಗಿ. ಶ್ಯಾಮಣ್ಣ ಆಗತಾನೆ ಎಲೆಯ ಮುಂದೆ ಕುಳಿತಿದ್ದ. ಹಿತ್ತಿಲ ಕೋಣೆಯಲ್ಲಿ ವೆಂಕಟಲಕ್ಷ್ಮಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಪೇದೆ ಸೈಕಲ್ಲನ್ನು ಜಗಲಿಗೆ ಒರಗಿಸಿ ಒಳಗೆ ಬಂದು, ಅಡುಗೆಮನೆಗೆ ಇಣುಕಿ, ಹಿತ್ತಿಲಿಗೂ ಇಣುಕಿ ಬಂದ.

"ಏನಮ್ಮಾ, ಮೊನ್ನೆ ಸ್ಟೇಷನ್ನಿಗೆ ಬಂದು ಒಂದೇ ಮನೆ, ಒಂದೇ ಅಡುಗೆ, ಅವತ್ತು ಸುಳ್ಳು ಹೇಳ್ದೆ ಅಂತ ಬರೆಸಿದೆ. ಇಲ್ಲಿ ನೋಡಿದ್ರೆ ಎರಡು ಒಲೆ ಉರೀತಾ ಇದೆ. ಯಾವುದಮ್ಮಾ ಸುಳ್ಳು? ಅವತ್ತಿಂದಾ, ಮೊನ್ನೇದಾ?"

ಸೌಟು ಹಿಡಿದ ವೆಂಕಟಲಕ್ಷ್ಮಿ ಕೋಣೆಯ ಬಾಗಿಲಿಗೆ ಬಂದು ನಿಂತಳು. ಪೇದೆಯನ್ನು ನೋಡಿದಳು, ಅತ್ತೆಯ ಹೆಬ್ಬೆರಳನ್ನು ನೋಡಿದಳು.

"ಅವತ್ತು ಹೇಳಿದ್ದು ನೀವಾ, ಅತ್ತೆ?"

"ಸೈಟ್ನೋನು ಅಂದ್ಕಂಡೆ ಕಣವ್ವ," ಎಂದಳು ಬೈರಮ್ಮ. "ಕೈಚೀಲ ಇತ್ತು."

ಬೇರೇನೂ ವಿವರಿಸಬೇಕಾಗಿರಲಿಲ್ಲ. ಆ ಮನೆಯಲ್ಲಿ ಆ ನಾಲ್ಕು ಮಾತು ಸಾಕು. ಶ್ಯಾಮಣ್ಣ ಎಲೆಯ ಮುಂದಿನಿಂದ ತಲೆಯೆತ್ತಿದವನು ಹಾಗೆಯೇ ಉಳಿದ.

ಬೈರಮ್ಮ ಸೊಸೆಯನ್ನು ದಾಟಿ ಹಿತ್ತಿಲ ಕೋಣೆಗೆ ಹೋದಳು. ಸೆರಗಿನಲ್ಲಿ ಹಿಡಿದು ಸಾರಿನ ಪಾತ್ರೆ ಇಳಿಸಿದಳು, ಉರಿಯುವ ಸೌದೆಗಳನ್ನು ಎಳೆದು ನೀರು ಚಿಮುಕಿಸಿದಳು. ಪಾತ್ರೆಯನ್ನು ಒಳಗೆ ತಂದು ತನ್ನ ದೊಡ್ಡ ಮಡಕೆಯೊಳಕ್ಕೆ ಸುರಿದಳು. ಅವಳದು ಅವರೆಕಾಳಿನ ಸಾರು, ಸೊಸೆಯದು ಸೊಪ್ಪಿನ ಸಾರು.

"ಅದು ಕೋಳಿ ಕಾವು ಕೂರೋ ಒಲೆ, ಸ್ವಾಮಿ. ಮನೆ ಒಲೆ ಇದೇಯ."

"ನೀನು ಹೇಳೋದು ಎರಡು ಸಲ ಆಯ್ತು, ಎರಡು ಥರ ಆಯ್ತು," ಎಂದ ಪೇದೆ. "ಇನ್ನು ನಿನ್ನ ಮಾತು ಬರ್ಕೊಂಡ್ರೆ ನನ್ನ ಕೆಲಸ ಹೋಗುತ್ತೆ. ಯಜಮಾನ್ರೇ, ನೀವು ಹೇಳಿ. ಒಂದಾ, ಎರಡಾ?"

ಎಲ್ಲರೂ ಹನುಮಂತರಾಯಪ್ಪನ ಕಡೆ ತಿರುಗಿದರು. ಅವನು ಗೋಡೆಗೊರಗಿ ಕುಳಿತಿದ್ದ. ಆಚೆ, ಭಾನುವಾರವಾದ್ದರಿಂದ ಪ್ರೆಸ್ಸುಗಳು ನಿಂತಿದ್ದವು. ನೀರು ಬಿದ್ದ ಒಲೆ ಚುಂಯ್ ಎನ್ನುತ್ತಿದ್ದುದು ಒಳಗೂ ಕೇಳುತ್ತಿತ್ತು. ಅವನು ಹೆಂಡತಿಯ ಹೆಬ್ಬೆರಳನ್ನು ಅಂದೇ ಕಂಡಿದ್ದ, ಕೇಳಿರಲಿಲ್ಲ. ಪೇದೆ ಪೆನ್ನಿನ ಮುಚ್ಚಳ ಹಾಕುವುದರಲ್ಲಿದ್ದ.

"ಎಂಕ್ಟಲಕ್ಷ್ಮಿ," ಎಂದ ಹನುಮಂತರಾಯಪ್ಪ. "ಮುದ್ದೆ ಇಕ್ಕವ್ವ ನಂಗೆ. ಇವ್ರಿಗೂ ಒಂದು ಎಲೆ ಆಕು." ಪೇದೆಯತ್ತ ನೋಡದೆ ಮಣೆ ತಳ್ಳಿದ. "ಕೂತ್ಕಳಿ. ಒಂದೇ ಮಡಕೆ. ಉಂಡು, ನೋಡ್ಕಂಡು, ಆಮೇಲೆ ಬರ್ಕಳಿ."

ವೆಂಕಟಲಕ್ಷ್ಮಿ ಬಡಿಸಿದಳು. ಎರಡು ಸಾರು ಬೆರೆತು ರುಚಿ ಕೆಟ್ಟಿತ್ತು. ಯಾರೂ ಹೇಳಲಿಲ್ಲ. ಗಂಡನ ಎಲೆಯ ಮುಂದೆ ಬಗ್ಗಿದಾಗ ಅವಳು ತಗ್ಗಿದ ಧ್ವನಿಯಲ್ಲಿ ಹೇಳಿದಳು:

"ನೀವಲ್ಲ ಅಂದಾಗ ನಂಬಬೇಕಿತ್ತು."

"ನಾನೇ ಹೇಳಾಣ ಅಂತಿದ್ದೆ," ಎಂದ ಶ್ಯಾಮಣ್ಣ. "ಅಷ್ಟರಲ್ಲಿ ಅವ್ವ ಹೇಳ್ಬಿಟ್ಟಿದ್ಳು."

ಅವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಅವನ ಎಲೆಗೆ ಇನ್ನೊಂದು ಮುದ್ದೆ ಹಾಕಿದಳು. ಸೋಮವಾರ ಅವನು ಡಬ್ಬಿ ತೆಗೆದುಕೊಂಡು ಹೋದ.

ಪಾಸ್‌ಪೋರ್ಟ್ ನವೆಂಬರಿನ ಕೊನೆಯ ಶನಿವಾರ ಬಂತು. ಜನವರಿಯಲ್ಲಿ ಶ್ಯಾಮಣ್ಣ ಅವಳನ್ನು ಮೆಜೆಸ್ಟಿಕ್ಕಿನವರೆಗೆ ಕರೆದೊಯ್ದು ಬೊಂಬಾಯಿಯ ರೈಲು ಹತ್ತಿಸಿ ಬಂದ. ಟ್ರಂಕಿನಲ್ಲಿ ಬೈರಮ್ಮ ಕಟ್ಟಿಕೊಟ್ಟ ರಾಗಿ ಹಿಟ್ಟಿನ ಗಂಟು ಇತ್ತು. ಸೀತಾಳ ಜಡೆಯನ್ನು ಅಜ್ಜಿ ಬಿಗಿಯಾಗಿ ಹೆಣೆದು ದಿನಕ್ಕೊಮ್ಮೆ ಅಳಿಸುತ್ತಿದ್ದಳು. ಹೇಟೆ ಮತ್ತೆ ತನ್ನ ಒಲೆಗೆ ಹೋಗಿ ಕುಳಿತಿತು.

ಮಾರ್ಚಿನ ಒಂದು ಬೆಳಿಗ್ಗೆ ಕೈಚೀಲ ಹಿಡಿದ ಇಬ್ಬರು ಓಣಿಗೆ ತಿರುಗಿದರು. ಅಶ್ವತ್ಥಮ್ಮನ ಹಿತ್ತಿಲಿನಿಂದ ಆಗಲೇ ಹೊಗೆ ಏಳುತ್ತಿತ್ತು. ಬಂದವರು ಈ ಸಲ ನಿಜವಾಗಿಯೂ ಸೈಟಿನ ಪಟ್ಟಿ ಮಾಡುವ ಜಮೀನು ಕಚೇರಿಯವರು. ಜಗಲಿಯ ಮೇಲಿದ್ದ ಹನುಮಂತರಾಯಪ್ಪ ಹೆಂಡತಿಯ ಮುಖ ನೋಡಿದ. ಬೈರಮ್ಮ ರಾಗಿ ಕೇರುತ್ತಿದ್ದವಳು ಹಿತ್ತಿಲಿಗೆ ಓಡಲಿಲ್ಲ.

"ಎಷ್ಟು ಸಂಸಾರ ಇದೆಯಮ್ಮಾ ಇಲ್ಲಿ?"

"ಒಂದು."

ಹನುಮಂತರಾಯಪ್ಪ ಎದ್ದು ಹಸುವಿನ ಕಡೆ ಹೋದ.

"ಯಾರ್ಯಾರಿದ್ದೀರಿ?"

"ನಾನು, ನಮ್ಮ ಯಜಮಾನ್ರು, ಮಗ, ಮೊಮ್ಮಗಳು. ಸೊಸೆ, ಎಂಕ್ಟಲಕ್ಷ್ಮಿ."

ಬರೆಯುತ್ತಿದ್ದವನು ಒಳಗೆ ಇಣುಕಿದ. "ಸೊಸೆ ಎಲ್ಲಿ? ಕಾಣ್ತಿಲ್ಲವಲ್ಲ."

"ಪಾಠ ಏಳಾಕೆ ಓಗವ್ಳೆ."

"ಮನೇಲಿ ಇಲ್ವಾ ಹಾಗಾದ್ರೆ?"

ಬೈರಮ್ಮ ಮೊರವನ್ನು ಕೆಳಗಿಟ್ಟಳು.

"ಇದೇ ಮನೇಲಿ ಅವ್ಳೆ ಸ್ವಾಮಿ," ಎಂದಳು. "ಬರ್ಕಳಿ."